ಅಳುವುದನ್ನು ಮರೆತ ಗುಂಡುಕಲ್ಲು

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ. ಆಗ ಭೂಮಿಯ ಮೇಲೆ ಒಂದೇ ಒಂದು ಕಲ್ಲೂ ಇರಲಿಲ್ಲ. ಎಡವಿ ಬಿದ್ದರೂ ಮೊಣಕಾಲು ತರಚುತ್ತಿರಲಿಲ್ಲ, ಅಷ್ಟು ಮೆತ್ತಗಿನ ನೆಲ.

ಆ ನೆಲದಲ್ಲಿ ಮಾಳವ್ವ ಎಂಬ ತಾಯಿಯಿದ್ದಳು. ಅವಳ ಇಬ್ಬರು ಮಕ್ಕಳು ಜ್ವರ ಬಂದು ತೀರಿಕೊಂಡಿದ್ದರು. ಮೂರನೆಯವನಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಅವನಿಗೂ ಮೈ ಸುಡತೊಡಗಿತು. ಪಾಪ, ಅವಳಾದರೂ ಏನು ಮಾಡಿಯಾಳು? ನೆಲಕ್ಕೆ ಹಣೆ ಹಚ್ಚಿ ಭೂಮಿತಾಯಿಯನ್ನು ಕರೆದಳು.

"ತಾಯೀ, ಇಬ್ಬರನ್ನ ನಿನ್ನ ಮಡಿಲಿಗೆ ಹಾಕಿದೀನಿ. ಇವನಿಗೆ ಸಾವು ಬೇಡ, ತೆಗೆದುಬಿಡು."

"ಮಗಳೇ, ಹಸಿವು, ಉಸಿರು, ಬೆಳೆಯೋದು, ಸಾಯೋದು, ಎಲ್ಲಾ ಒಂದೇ ಗಂಟಲ್ಲಿ ಕಟ್ಟಿದೀನಿ. ಒಂದಕ್ಕೆ ಅಂತ ಬಿಚ್ಚಿದರೆ ಎಲ್ಲಾ ಹೋಗುತ್ತೆ."

"ಹೋದರೆ ಹೋಗಲಿ. ಕಣ್ಣ ಮುಂದೆ ಇದ್ದರೆ ಸಾಕು!"

ಹೆತ್ತ ಕರುಳು, ಬುದ್ಧಿಮಾತು ಕೇಳಲಿಲ್ಲ. ಭೂಮಿತಾಯಿ ನಿಟ್ಟುಸಿರಿಟ್ಟು ಗಂಟು ಬಿಚ್ಚಿದಳು.

ಜ್ವರ ಇಳಿಯಿತು. ಮಾಳವ್ವ ಹಿಗ್ಗಿ ಹಾಲೂಡಲು ಹೋದಳು, ಮಗು ಬಾಯಿ ತೆರೆಯಲಿಲ್ಲ. ಅಂಗಾಲಿಗೆ ಕಚಗುಳಿಯಿಟ್ಟಳು, ಮಗು ಕಾಲೆಳೆದುಕೊಳ್ಳಲಿಲ್ಲ. ಬಾಗಿಲಿಂದ ಬಂದ ಗಾಳಿ ಮಗುವಿನ ಮೂಗಿನ ಹತ್ತಿರ ಸುಳಿದಾಡಿತು.

"ಅಕ್ಕಾ, ಒಳಗೆ ಹೋಗೋಕೆ ದಾರಿನೇ ಇಲ್ಲ," ಎಂದು ಗಾಳಿ ಅತ್ತುಬಿಟ್ಟಿತು.

ಮಾಳವ್ವ ತೂಗಿದಳು, ತೂಗಿದಳು. ಬೇಲಿಯ ಅವರೆಬಳ್ಳಿ ಹೂಬಿಟ್ಟು, ಕಾಯಾಗಿ, ಒಣಗಿತು. ಅಂಗಳದ ಕರು ಬೆಳೆದು ತಾನೇ ಕರು ಹಾಕಿತು. ಮಗು ಮಾತ್ರ ಒಂದಂಗುಲವೂ ಬೆಳೆಯಲಿಲ್ಲ. ತಣ್ಣಗೆ, ನುಣ್ಣಗೆ, ಗುಂಡಗೆ ಮಲಗಿಯೇ ಇತ್ತು.

"ತಾಯೀ, ಒಂದೇ ಒಂದು ಸಲ ಅಳಲಿ. ಸಾವನ್ನೂ ಸೇರಿಸಿಯೇ ಆ ಗಂಟು ಕಟ್ಟು," ಎಂದು ಮಾಳವ್ವ ಗೋಳಾಡಿದಳು.

"ಬಿಚ್ಚಿದ್ದನ್ನ ಕಟ್ಟೋಕೆ ನನಗೂ ಬರಲ್ಲ ಮಗಳೇ. ಆನೆಯೂ ತನ್ನ ಮರಿಗೆ ಸಾವು ಬೇಡ ಅಂತ ಹೀಗೇ ಬೇಡಿತು, ಗುಬ್ಬಿಯೂ ಬೇಡಿತು," ಎಂದು ಭೂಮಿತಾಯಿಯೂ ಅತ್ತಳು. ಆನೆಯ ಮರಿ ಬೆಟ್ಟದ ಬಂಡೆಯಾಗಿತ್ತು, ಗುಬ್ಬಿಯ ಮರಿ ಹೊಳೆಯ ಹರಳಾಗಿತ್ತು.

ಮುಂದೆ ಪಕ್ಕದ ಮನೆಯವಳು ಹೆತ್ತಾಗ ಮಾಳವ್ವ ತನ್ನ ಕಲ್ಲುಕಂದನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಅವರ ತೊಟ್ಟಿಲಲ್ಲಿ ಅವನನ್ನು ಮಲಗಿಸಿ ತೂಗಿದಳು.

"ನೋಡವ್ವ, ಇವನು ಅಳಲ್ಲ. ನಿನ್ನ ಕೂಸು ರಾತ್ರಿಯೆಲ್ಲಾ ಅತ್ತರೂ ಬೈಬೇಡ," ಎಂದಳು.

ಅದಕ್ಕೇ ಕಂದಾ, ಕಲ್ಲು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಅದಕ್ಕೇ ಇಂದಿಗೂ ಹೆಸರಿಡುವ ದಿನ ಗುಂಡುಕಲ್ಲನ್ನು ಮೊದಲು ತೊಟ್ಟಿಲಲ್ಲಿಟ್ಟು ತೂಗುತ್ತಾರೆ. ಆಮೇಲೆ ಮಲಗಿಸಿದ ಕೂಸು ಕಿಟಾರನೆ ಕಿರುಚಿದರೆ, ಹೆತ್ತವಳು ಕಣ್ಣೊರೆಸಿಕೊಂಡು ನಗುತ್ತಾಳೆ.