ಬೇಡ ಎಂದವನು

"ಗುಣಪಡಿಸುವ ವಿದ್ಯೆ ನಮ್ಮ ಕೈಯಲ್ಲಿದೆ. ರೋಗಿಗೆ ಆ ವಿದ್ಯೆ ಗೊತ್ತಿಲ್ಲ. ಹಾಗಿದ್ದೂ ಅವನು ಬೇಡ ಎಂದರೆ ನಾವೇಕೆ ಸುಮ್ಮನಿರಬೇಕು, ಗುರುಗಳೇ?"

ನಾಗಿದೇವನ ದನಿಯಲ್ಲಿ ಸಿಟ್ಟಿತ್ತು. ಕಾಲ್ಬೆರಳು ಕೊಳೆಯತೊಡಗಿದ್ದ ಒಬ್ಬ ಹೆಂಗಸು ಅದನ್ನು ಕತ್ತರಿಸಲು ಒಪ್ಪದೆ ಆಗಷ್ಟೇ ಎದ್ದು ಹೋಗಿದ್ದಳು. ಗುರು ಅವಳನ್ನು ತಡೆದಿರಲಿಲ್ಲ.

ಗುರು ಅರೆಯುತ್ತಿದ್ದ ಬೇರನ್ನು ಪಕ್ಕಕ್ಕಿಟ್ಟರು. ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಕೋಟೆಯಲ್ಲಿ ಒಬ್ಬ ಪಾಳೆಯಗಾರನಿದ್ದ. ಮೂತ್ರಕೋಶದಲ್ಲಿ ಕಲ್ಲು ಬೆಳೆದು ಹಗಲಿರುಳು ನರಳುತ್ತಿದ್ದ. ಯಾವ ಕಷಾಯವೂ ನಾಟಲಿಲ್ಲ. ಕೊನೆಗೆ ಒಬ್ಬ ಶಸ್ತ್ರವೈದ್ಯನನ್ನು ಕರೆಸಿದ.

ವೈದ್ಯ ಪರೀಕ್ಷಿಸಿ ಹೇಳಿದ: "ಕೊಯ್ದು ತೆಗೆಯಬೇಕು, ಒಡೆಯರೇ. ನನ್ನ ಗುರುಗಳು ತೆಗೆಯುವುದನ್ನು ನೋಡಿದ್ದೇನೆ. ನನ್ನ ಕೈಯಿಂದ ಎಂದೂ ಮಾಡಿಲ್ಲ."

"ಹಾಗಾದರೆ ಮೊದಲು ಕೈ ಪಳಗಿಸಿಕೊ" ಎಂದ ಪಾಳೆಯಗಾರ. "ಸೆರೆಮನೆಯಲ್ಲಿ ಒಬ್ಬ ಕುದುರೆಗಳ್ಳನಿದ್ದಾನೆ. ಅವನಿಗೂ ಇದೇ ನೋವು. ಹೇಗೂ ಗಲ್ಲಿಗೇರುವವನು."

ವೈದ್ಯನಿಗೆ ಒಳಗೊಳಗೇ ಸಂತೋಷವಾಯಿತು. ಇಂಥ ಅವಕಾಶ ಯಾವ ವೈದ್ಯನಿಗೆ ಸಿಗುತ್ತದೆ? ಚೂರಿಗಳನ್ನು ಕುದಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಅವನು ಸೆರೆಮನೆಗೆ ಹೋದ.

ಅಷ್ಟರಲ್ಲಿ ಭಟರು ಕಳ್ಳನನ್ನು ಹಲಗೆಯ ಮೇಲೆ ಕೆಡವಿ ಕಟ್ಟಿದ್ದರು. ಅವನು ಕತ್ತೆತ್ತಿ ವೈದ್ಯನ ಕೈಯಲ್ಲಿದ್ದ ಗಂಟನ್ನು ನೋಡಿದ.

"ನನಗೇನು ಮಾಡುತ್ತೀರಿ, ಸ್ವಾಮಿ?"

ಆ ಮಾತಿಗೆ ವೈದ್ಯ ತಬ್ಬಿಬ್ಬಾದ. ಇವನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಹೇಳಬೇಕೆಂದು ತನಗೂ ಹೊಳೆದಿರಲಿಲ್ಲ. ಅವನು ಹಗ್ಗ ಬಿಚ್ಚಿಸಿದ. ಕಳ್ಳನ ಪಕ್ಕದಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಎಲ್ಲಿ ಕೊಯ್ಯುತ್ತೇನೆ, ಎಷ್ಟು ನೋವಾಗುತ್ತದೆ, ಬದುಕಿದರೆ ಏನು, ಬದುಕದಿದ್ದರೆ ಏನು ಎಂದು ಒಂದನ್ನೂ ಮುಚ್ಚಿಡದೆ ಹೇಳಿದ. ತಾನು ಇದನ್ನು ಮೊದಲ ಸಲ ಮಾಡುತ್ತಿರುವುದನ್ನೂ ಹೇಳಿದ.

ಕಳ್ಳ ಬಹಳ ಹೊತ್ತು ಯೋಚಿಸಿದ. ಆಮೇಲೆ "ಬೇಡ" ಎಂದ.

ಭಟರು ಗೊಳ್ಳೆಂದು ನಕ್ಕರು. ವೈದ್ಯ ಚೂರಿಗಳನ್ನು ಮತ್ತೆ ಸುತ್ತಿಕೊಂಡು ಎದ್ದ.

ವೈದ್ಯ ಬಂದು ತಿಳಿಸಿದಾಗ ಪಾಳೆಯಗಾರ ಕೆಂಡವಾದ. "ಸಾಯುವವನಿಗೆ ಬೇಕೇನು, ಬೇಡವೇನು? ನಾಲ್ವರು ಹಿಡಿದುಕೊಂಡರೆ ಆಯಿತು!"

"ಅವನು ಸಾಯಬೇಕೆಂದು ತೀರ್ಮಾನಿಸಿದವರು ತಾವು, ಒಡೆಯರೇ. ನನ್ನ ಮುಂದೆ ಮಲಗಿದಾಗ ಅವನು ರೋಗಿ. ಅವನ ಮಾತು ಮೀರಿ ನಾನು ಅವನನ್ನು ಮುಟ್ಟಲಾರೆ."

ಪಾಳೆಯಗಾರ ಅವನನ್ನೂ ಕಳ್ಳನಿದ್ದ ಕೋಣೆಗೇ ತಳ್ಳಿಸಿದ.

ಒಳಗೆ ಮಾಡಲು ಬೇರೇನೂ ಇರಲಿಲ್ಲ. ವೈದ್ಯ ಕಾವಲಿನವನನ್ನು ಕಾಡಿಬೇಡಿ ಹುರುಳಿ ತರಿಸಿ, ಅದರ ಕಟ್ಟು ಬಸಿದು ಕಳ್ಳನಿಗೆ ಕುಡಿಸಿದ. ಬಿಸಿ ಬಟ್ಟೆಯಿಂದ ಅವನ ಹೊಟ್ಟೆಗೆ ಶಾಖ ಕೊಟ್ಟ. ನೋವು ಸ್ವಲ್ಪ ಇಳಿಯಿತು. ಕಳ್ಳ ಅವನನ್ನೇ ದಿಟ್ಟಿಸುತ್ತಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಹೇಳಿದ:

"ಕೊಯ್ಯಿರಿ, ಸ್ವಾಮಿ. ನಾನು ಒಪ್ಪಿದೆ."

"ಈಗೇಕೆ ಒಪ್ಪಿದೆ?"

"ನನ್ನಿಂದಾಗಿ ನೀವು ಸೆರೆಗೆ ಬಿದ್ದಿರಿ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಏನನ್ನೂ ಕೇಳಿದವರಿಲ್ಲ. ನೀವು ಕೇಳಿದಿರಿ."

ವೈದ್ಯ ತಲೆಯಾಡಿಸಿದ. "ನನ್ನ ಹಂಗಿಗೆ ಬಿದ್ದು ಒಪ್ಪುತ್ತಿದ್ದೀಯ. ನನಗೆ ಆ ಒಪ್ಪಿಗೆ ಬೇಡಪ್ಪಾ."

ಬಾಗಿಲಾಚೆ ನಿಂತಿದ್ದ ಕಾವಲಿನವನಿಗೆ ಈ ಮಾತು ಕೇಳಿಸಿತು. ಬಿಡುಗಡೆಯ ದಾರಿ ತಾನಾಗಿ ಕಾಲ ಬಳಿಗೆ ಬಂದಾಗ ಅದನ್ನು ಬೇಡವೆನ್ನುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಓಡಿಹೋಗಿ ಒಡೆಯನಿಗೆ ಹೇಳಿದ.

ಪಾಳೆಯಗಾರ ಪಲ್ಲಕ್ಕಿಯಲ್ಲಿ ಮಲಗಿಕೊಂಡೇ ಸೆರೆಮನೆಗೆ ಬಂದ. ನೋವಿನಿಂದ ಅವನ ಮುಖ ಬಿಳಿಚಿಕೊಂಡಿತ್ತು. "ವೈದ್ಯರೇ, ಅವನಿಗೆ ಹೇಳಿದ್ದನ್ನು ನನಗೂ ಹೇಳಿ" ಎಂದ.

ವೈದ್ಯ ಹೇಳಿದ. ಕಳ್ಳನಿಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಪಾಳೆಯಗಾರನಿಗೆ ಹೆದರಿಕೆಯಾಯಿತು. ಆದರೂ ಅವನು ವೈದ್ಯನ ಕೈಹಿಡಿದು, "ಇವನಂಥವನನ್ನೇ ಬಲವಂತವಾಗಿ ಮುಟ್ಟದ ಕೈ ಇದು. ನನಗೆ ಇದೇ ಸಾಕು. ಮಾಡಿ" ಎಂದ. ಆಮೇಲೆ ಕೇಳಿದ: "ನೋವು ತಾಳದೆ ನಿಲ್ಲಿಸಿ ಎಂದು ನಾನು ಕೂಗಿದರೆ?"

"ಆಗ ಏನು ಮಾಡಬೇಕೆಂದು ತಾವೇ ಈಗ ಹೇಳಬೇಕು."

"ನಿಲ್ಲಿಸಬೇಡಿ."

ಕಳ್ಳನನ್ನು ಕೆಡವಿದ್ದ ಭಟರೇ ಒಡೆಯನ ಕೈಕಾಲು ಹಿಡಿದುಕೊಂಡರು. ಅವನ ಕೂಗು ಕೋಟೆಯ ಹೊರಗೂ ಕೇಳಿಸಿತಂತೆ. ವೈದ್ಯನ ಕೈ ನಿಲ್ಲಲಿಲ್ಲ. ನೆಲ್ಲಿಕಾಯಿ ಗಾತ್ರದ ಕಲ್ಲು ಹೊರಬಂತು. ಪಾಳೆಯಗಾರ ಬದುಕಿಕೊಂಡ.

ಗಾಯ ಮಾಗಿದ ಮೇಲೆ ಅವನು ವೈದ್ಯನನ್ನು ಕರೆದು, ಏನು ಬೇಕೋ ಕೇಳಿ ಎಂದ.

"ಆ ಕಳ್ಳನ ಪ್ರಾಣ."

"ಅವನಿಗೂ ಕಲ್ಲು ತೆಗೆಯುತ್ತೀರೋ?"

"ಅದನ್ನು ಅವನನ್ನೇ ಕೇಳಬೇಕು, ಒಡೆಯರೇ. ಕೊರಳಿಗೆ ಹಗ್ಗ ಕಾದಿರುವಾಗ ಕೇಳಿದರೆ ಅದು ಕೇಳಿದಂತಾಗುವುದಿಲ್ಲ."

ಕದ್ದದ್ದು ಪಾಳೆಯಗಾರನ ಕುದುರೆಗಳನ್ನೇ. ಮನ್ನಿಸುವ ಹಕ್ಕೂ ಅವನದೇ. ಮನ್ನಿಸಿದ.

ವೈದ್ಯ ಕಳ್ಳನನ್ನು ಕೋಟೆಯ ಬಾಗಿಲಿಗೆ ಕರೆತಂದ. ಬಾಗಿಲು ತೆರೆದಿತ್ತು. ಈಗ ವೈದ್ಯನ ಕೈ ಪಳಗಿತ್ತು. ಬದುಕಿಕೊಂಡ ರೋಗಿಯನ್ನು ಊರೆಲ್ಲ ನೋಡಿತ್ತು. ವೈದ್ಯ ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿ, "ಈಗ ಹೇಳಪ್ಪಾ, ತೆಗೆಯಲೇ?" ಎಂದ.

ಕಳ್ಳ ದಾರಿಯತ್ತ ನೋಡಿದ. ಆಮೇಲೆ ವೈದ್ಯನತ್ತ ನೋಡಿದ.

"ಬೇಡ, ಸ್ವಾಮಿ. ಈ ನೋವು ನನಗೆ ಗೊತ್ತು. ಇದರ ಜೊತೆ ಬದುಕಬಲ್ಲೆ."

ವೈದ್ಯನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಒಂದನ್ನೂ ಆಡಲಿಲ್ಲ. ಹರಕು ಬಟ್ಟೆಯ ಆ ಮನುಷ್ಯ ಯಾರ ಭಯವೂ ಇಲ್ಲದೆ, ಯಾರ ಹಂಗೂ ಇಲ್ಲದೆ, ತನ್ನ ದೇಹದ ಬಗ್ಗೆ ತಾನೇ ಮಾತಾಡಿದ್ದ. ಪಾಳೆಯಗಾರನ ಮುಂದೆ ನಿಂತಾಗಲೂ ವೈದ್ಯನ ಮೈ ಹೀಗೆ ಜುಮ್ಮೆಂದಿರಲಿಲ್ಲ. ತನಗೆ ಅರಿವಿಲ್ಲದೆಯೇ ಅವನು ಕೈಮುಗಿದ. ಒಂದು ಗಂಟು ಹುರುಳಿಯನ್ನು ಕಳ್ಳನ ಕೈಗಿತ್ತ. ನೋವು ಹೆಚ್ಚಾದರೆ ಯಾವಾಗ ಬೇಕಾದರೂ ಬಾ ಎಂದು ತನ್ನ ಊರಿನ ದಾರಿ ಹೇಳಿದ. ಕಳ್ಳ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆದು ಹೋದ. ಕಣ್ಣಿಗೆ ಮರೆಯಾಗುವ ತನಕ ವೈದ್ಯ ಅಲ್ಲಿಂದ ಕದಲಲಿಲ್ಲ.

ಗುರು ಇಲ್ಲಿಗೆ ಮಾತು ನಿಲ್ಲಿಸಿದರು. ನಾಗಿದೇವನಿಗೆ ತಡೆಯಲಾಗಲಿಲ್ಲ.

"ಕೈಯಲ್ಲಿ ಗುಣಪಡಿಸುವ ವಿದ್ಯೆ ಇಟ್ಟುಕೊಂಡು ಹಾಗೇ ಬಿಟ್ಟುಬಿಟ್ಟನೇ? ಆ ವೈದ್ಯ ಅವನನ್ನು ಬಲವಂತದಿಂದಾದರೂ ತಡೆಯಬಾರದಿತ್ತೇ, ಗುರುಗಳೇ?"

ಗುರು ಹೇಳಿದರು: "ತಡೆದಿದ್ದರೆ, ಆ ಸೆರೆಮನೆಗೆ ಇನ್ನೊಬ್ಬ ಕಾವಲಿನವನು ಸಿಕ್ಕಂತಾಗುತ್ತಿತ್ತು."