ಕೂಗದೆ ನಿಂತವನ ವಿಚಾರಣೆ

"ಗುರುಗಳೇ, ನೆರೆರಾಜ್ಯದಲ್ಲಿ ಕೂಲಿಕಾರರ ಸಂಘದ ಮುಖಂಡನನ್ನು ಸೆರೆಗೆ ಹಾಕಿದ್ದಾರಂತೆ. ವಿಚಾರಣೆ ನೋಡಲು ನಮ್ಮವರು ಕೆಲವರು ಹೊರಟಿದ್ದಾರೆ. ಅವರ ರಾಜ್ಯ, ಅವರ ಕಾನೂನು. ನಡುವೆ ನಾವು ತಲೆಹಾಕುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಡಲಿನ ಮೂಡಣ ದಡದಲ್ಲಿ ಒಂದು ಬಂದರು, ಪಡುವಣ ದಡದಲ್ಲಿ ಇನ್ನೊಂದು. ಅರಸರು ಬೇರೆ, ಭಾಷೆ ಬೇರೆ. ಕೆಲಸದ ರೀತಿ ಮಾತ್ರ ಒಂದೇ. ಹಡಗನ್ನು ದಡಕ್ಕೆ ಎಳೆಯುವಾಗ ಕೂಗುಗಾರನೊಬ್ಬ ಮುಂದೆ ನಿಂತು ಐಲೇಸಾ ಹಾಕುತ್ತಾನೆ. ಉಳಿದವರು ಒಟ್ಟಿಗೆ ಹಗ್ಗ ಜಗ್ಗುತ್ತಾರೆ. ಅವನು ಕೂಗದೆ ಯಾರೂ ಹಗ್ಗ ಮುಟ್ಟುವುದಿಲ್ಲ.

ಮೂಡಣ ಬಂದರಿನಲ್ಲಿ ಹಳೆಯ ಹಗ್ಗ ಹರಿದು ಇಬ್ಬರು ಸತ್ತರು. ಹೊಸ ಹಗ್ಗ ಕೊಡಿ ಎಂದು ಅಲ್ಲಿಯ ಕೂಗುಗಾರ ಕೇಳಿದ. ಅಧಿಕಾರಿ ಕೊಡಲಿಲ್ಲ. ಮರುದಿನ ಕೂಗುಗಾರ ತನ್ನ ಜಾಗದಲ್ಲೇ ನಿಂತ, ಬಾಯಿ ಮಾತ್ರ ತೆರೆಯಲಿಲ್ಲ. ಅರಸನ ಹಡಗು ನೀರಿನಲ್ಲೇ ಉಳಿಯಿತು. ಸಂಜೆಗೆ ಅವನ ಕೈಗೆ ಬೇಡಿ ಬಿತ್ತು. ಸುಮ್ಮನೆ ನಿಂತದ್ದು ರಾಜದ್ರೋಹವಂತೆ. ಅದಕ್ಕೆ ಶಿಕ್ಷೆ ಗಲ್ಲು. ಹಗ್ಗ ಕೊಡದವನಿಗೆ ಬಡ್ತಿ ಸಿಕ್ಕಿತು.

ನಾವಿಕರು ಈ ಸುದ್ದಿಯನ್ನು ಪಡುವಣ ದಡಕ್ಕೆ ತಂದರು. ಅಲ್ಲಿಯ ಕೂಗುಗಾರ ಮುದುಕ. ಅಂದು ಅವನಿಗೆ ಅನ್ನ ಸೇರಲಿಲ್ಲ. ಅಂಥದೇ ಹಗ್ಗದ ಮುಂದೆ ಅವನೂ ಆಯುಷ್ಯ ಸವೆಸಿದ್ದ. ಮೂಡಣ ಅರಸನ ಹಡಗು ಬಂದಾಗ ಅವನು ಕೂಗಲಿಲ್ಲ. ಸರಕಿಗೆ ಕಾದಿದ್ದ ವರ್ತಕ ಓಡಿಬಂದ.

"ಏನಜ್ಜ, ಗಂಟಲು ಕಟ್ಟಿತೇ?"

"ಗಂಟಲು ಚೆನ್ನಾಗಿದೆ, ಧಣಿ. ಆಚೆ ದಡದವನ ವಿಚಾರಣೆ ಬಾಗಿಲು ತೆರೆದು ನಡೆಯಲಿ. ನಾನು ಹೋಗಿ ಅಲ್ಲಿ ಕೂರಬೇಕು. ಆಮೇಲೆ ಎಷ್ಟು ಬೇಕಾದರೂ ಕೂಗುತ್ತೇನೆ."

"ಅದು ಅವರ ಮನೆಯ ವಿಷಯ. ಊರ ಉಸಾಬರಿ ನಿನಗೇಕೆ?"

"ಅವರ ಮನೆಯ ಮೆಣಸು ನಿಮ್ಮ ಅಂಗಡಿಗೆ ಬರುವಾಗ ಈ ಮಾತು ಬರಲಿಲ್ಲವಲ್ಲ, ಧಣಿ."

ಹಡಗು ದಡ ಹತ್ತಲಿಲ್ಲ. ಅದರ ಹಿಂದೆ ಬಂದ ಹಡಗುಗಳೂ ಹತ್ತಲಿಲ್ಲ. ವರ್ತಕರು ಮೂಡಣ ಅರಸನಿಗೆ ಹೇಳಿಕಳುಹಿಸಿದರು. ಅರಸ ಹಲ್ಲು ಕಚ್ಚಿಕೊಂಡು ಒಪ್ಪಿದ.

ಮುದುಕ ಹೋಗಿ ನ್ಯಾಯಾಲಯದ ಮುಂದಿನ ಸಾಲಿನಲ್ಲೇ ಕೂತ. ಶಿಕ್ಷೆ ಮೊದಲೇ ತೀರ್ಮಾನವಾಗಿದೆ ಎಂದು ಬಾಗಿಲ ಕಾವಲುಗಾರರೇ ಆಡಿಕೊಳ್ಳುತ್ತಿದ್ದರು.

"ಯಾರು ನೀನು? ಇವನಿಗೆ ಏನಾಗಬೇಕು?" ಎಂದು ನ್ಯಾಯಾಧೀಶ ಗದರಿದ.

"ಏನೂ ಆಗಬೇಕಿಲ್ಲ, ಸ್ವಾಮಿ. ನಿಮ್ಮ ಭಾಷೆಯೂ ನನಗೆ ಅರ್ಧಂಬರ್ಧ. ಇಲ್ಲಿ ನೋಡಿದ್ದನ್ನು ನಮ್ಮ ದಡದಲ್ಲಿ ಹೇಳಬೇಕು, ಅದಕ್ಕೆ ಬಂದೆ."

ನ್ಯಾಯಾಧೀಶ ಪೀಠದಲ್ಲಿ ಮಿಸುಕಾಡಿದ. ಆಮೇಲೆ, ಅಷ್ಟು ದಿನ ಯಾರೂ ಕೇಳದಿದ್ದನ್ನು ಕೇಳಿದ: ಆ ಹಗ್ಗ ಎಲ್ಲಿ? ಹಗ್ಗ ಬಂತು. ಹಿಡಿದರೆ ಕೈಯಲ್ಲೇ ಪುಡಿಯಾಯಿತು. ಆರೋಪಿಗೆ ಮಾತಾಡಲು ಬಿಟ್ಟರು. ಹೊತ್ತು ಮುಳುಗುವ ಮೊದಲು ಅವನ ಬೇಡಿ ಕಳಚಿತು. ಮುದುಕ ಅಲ್ಲೇ ಕೂತು ಅತ್ತ.

ಶಿಷ್ಯನ ಮುಖ ಅರಳಿತು. "ಹಾಗಾದರೆ ಆ ನ್ಯಾಯಾಧೀಶ ನ್ಯಾಯವಂತನೇ ಅಲ್ಲವೇ, ಗುರುಗಳೇ? ಮುದುಕ ಹೋಗದಿದ್ದರೂ ನಡೆಯುತ್ತಿತ್ತು."

ಗುರುಗಳು ಹೇಳಿದರು: "ಆ ವಿಚಾರಣೆಯ ಹಿಂದಿನ ವಾರ ಅದೇ ಪೀಠದಲ್ಲಿ ಕೂತು ಅವನು ಉಪ್ಪು ತೆಗೆಯುವವರ ಮುಖಂಡನನ್ನು ಗಲ್ಲಿಗೆ ಕಳುಹಿಸಿದ್ದ, ಅಂದು ನೋಡಲು ಯಾರೂ ಹೋಗಿರಲಿಲ್ಲ."