ಹದಿನೈದನೆಯ ಕೋಲು

ಟಿಕೆಟ್ ಕೊಂಡ ಯಾರಾದರೂ ಆಡಬಹುದಾದ ಹೆಸರಾಂತ ಗಾಲ್ಫ್ ಮೈದಾನಕ್ಕೆ ಪೂವಮ್ಮ ಹೊರಟಿದ್ದರು. ಚೀಲದಲ್ಲಿ ಹದಿನೈದು ಕೋಲುಗಳಿದ್ದವು. ಆಟದ ನಿಯಮದಂತೆ ಹದಿನಾಲ್ಕಕ್ಕಿಂತ ಹೆಚ್ಚು ಒಯ್ಯುವಂತಿಲ್ಲ.

“ಮನೆಯಲ್ಲಿ ಉಳಿಯುವವನು ಯಾರೆಂದು ಕೇಳಬೇಕೇ?” ಎಂದಿತು ಹೊಸದಾಗಿ ಬಂದ ಉದ್ದಕೋಲು. “ಈ ಮೋಟಣ್ಣ ಇದ್ದಾನಲ್ಲ! ನೂರು ಗಜಕ್ಕೇ ಉಸ್ಸೆನ್ನುತ್ತಾನೆ.”

ಪೂವಮ್ಮನ ತಂದೆಯ ಬೆರಳುಗಳಿಗೆ ಸವೆದ ಹಿಡಿ ಆ ಮೋಟುಕೋಲಿನದು. ಅವರು ತೀರಿಕೊಂಡ ಮೇಲೆ ಅದು ಒಮ್ಮೆಯೂ ಮೈದಾನ ಕಂಡಿರಲಿಲ್ಲ.

ಹಿರಿಯನಾದ ಚೀಲ ಇಬ್ಬರನ್ನೂ ಕೇಳಿತು: “ಚೆಂಡು ಬೀಳಬೇಕಾದ ಕೊನೆಯ ಕುಳಿಯ ಮುಂದೆ ಕೆರೆಯಿದೆ. ಹೇಗೆ ಆಡುತ್ತೀರಿ?”

“ಕೆರೆಗೆಲ್ಲ ನಾನು ಹೆದರುವವನಲ್ಲ. ಒಂದೇ ಏಟಿಗೆ ಇನ್ನೂರೈವತ್ತು ಗಜ!” ಎಂದಿತು ಉದ್ದಕೋಲು.

“ಇನ್ನೂರೈವತ್ತಕ್ಕೆ ಸರಿಯಾಗಿ ಕೆರೆಯ ನಡುನೀರು, ಅಜ್ಜಾ,” ಎಂದಿತು ಮೋಟುಕೋಲು. “ನಡುಕೋಲಣ್ಣ ಚೆಂಡನ್ನು ಈಚೆ ದಡಕ್ಕೆ ತಂದಿಡಲಿ. ಅಲ್ಲಿಂದ ಕುಳಿಗೆ ನೂರು ಗಜ. ಆ ನೂರು ನನ್ನದು.”

ಚೀಲ ಮೆಲ್ಲನೆ ಬಾಗಿತು. ಉದ್ದಕೋಲು ಜಾರಿ ನೆಲಕ್ಕೆ ಬಿತ್ತು. “ಸರಿ, ಇದೇ ಉಳಿಯಲಿ,” ಎಂದು ಪೂವಮ್ಮ ಅದನ್ನೆತ್ತಿ ಗೋಡೆಗೆ ಒರಗಿಸಿ ಹೊರಟರು.

ಕೊನೆಯ ಕುಳಿಯ ಸರದಿ ಬಂದಾಗ, ಈಚೆ ದಡದಿಂದ ಮೋಟುಕೋಲು ಎತ್ತಿದ ಚೆಂಡು ಕೆರೆ ದಾಟಿ, ಹುಲ್ಲಿನ ಮೇಲೆ ಎರಡು ಸಲ ಪುಟಿದು, ನೇರವಾಗಿ ಕುಳಿಗೆ ಇಳಿಯಿತು. ನೋಡುತ್ತಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಪೂವಮ್ಮ ಆ ಸವೆದ ಹಿಡಿಯನ್ನು ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಬಂದಾಗ ಉದ್ದಕೋಲು ಗೋಡೆಯ ಬಳಿಯಿಂದಲೇ ಅಣಕಿಸಿತು: “ಎಷ್ಟು ದೂರ ಹೊಡೆದೆಯೋ, ಮೋಟಣ್ಣ?”

“ಕುಳಿಯವರೆಗೆ, ತಮ್ಮಾ,” ಎಂದಿತು ಮೋಟುಕೋಲು.